ಬಾರದ ಅರ್ಧ

ಶಹಾಬಾದಿನ ಫರಸಿಯ ಮೇಲೆ ತೂಕದ ಯಂತ್ರ ಇಟ್ಟೆ.
ನೆಲ ಮಟ್ಟಸ. ಈ ಊರಲ್ಲಿ ಅದೊಂದು ಚಿಂತೆಯಿಲ್ಲ,
ಇದ್ದವರ ಮನೆಯಲ್ಲೂ ಇಲ್ಲದವರ ಮನೆಯಲ್ಲೂ ಕಲ್ಲು ಸಪಾಟು.
ಚಂದಮ್ಮ ಹತ್ತಿ ನಿಂತಳು, ಸೆರಗು ಬಿಗಿದು, ಉಸಿರು ಹಿಡಿದು,
ತೂಗುವುದು ಪಾಪವನ್ನೋ ಎಂಬಂತೆ.
ನಲವತ್ತೆಂಟು ಕಿಲೋ ಇನ್ನೂರು ಗ್ರಾಂ. ಬರೆದೆ.

ಆಮೇಲೆ ಶೀಶೆ. "ಇದರಾಗ ಉಗುಳ್ರಿ, ಈ ಗೆರಿ ತನ."
"ನಮ್ಮತ್ತಿ ಇರಬೇಕಿತ್ತು ನೋಡ್ರಿ," ಅಂದಳು,
"ಮೂವತ್ತು ವರ್ಷ ನನ್ನ ಹೆಸರಿಗೆ ಪುಕ್ಕಟ ಉಗುಳಿದ್ಲು."
ಮೇ ತಿಂಗಳ ಒಣ ಬಾಯಿ, ಗೆರೆ ಮುಟ್ಟಲೊಲ್ಲದು.
ಹುಣಸೆಹಣ್ಣಿನ ಮಾತು ತೆಗೆದೆ.
ಮನೆಯೆಲ್ಲ ನಕ್ಕಿತು, ಶೀಶೆಗಳು ತುಂಬಿದವು.

ನನ್ನ ಕೆಲಸ ಒಡಹುಟ್ಟಿದವರನ್ನು ಅಳೆಯುವುದು.
ಬೀದಿಗೊಬ್ಬರನ್ನು ನಿಲ್ಲಿಸಿ ಅಳೆದರೆ
ಎತ್ತರ ರಕ್ತದ್ದೋ ರೊಟ್ಟಿಯದೋ ತಿಳಿಯುವುದಿಲ್ಲ.
ಇಲ್ಲಿ ಒಂದೇ ಹೊಟ್ಟೆ, ಒಂದೇ ಒಲೆ,
ಚೀಟಿ ಮಾತ್ರ ಬೇರೆ ಬೇರೆ.
ಅವ್ವನ ಎರಡರಲ್ಲಿ ಒಂದು, ಅಪ್ಪನ ಎರಡರಲ್ಲಿ ಒಂದು,
ಪ್ರತಿ ಕೂಸಿಗೂ ಹೊಸದಾಗಿ ಕಣ್ಣು ಮುಚ್ಚಿ ಎತ್ತಿದ್ದು.
ಅಣ್ಣನಲ್ಲಿ ತಮ್ಮನನ್ನು ಕಳೆದರೆ
ಮನೆ ಹೊಡೆದುಹೋಗುತ್ತದೆ, ಚೀಟಿ ಉಳಿಯುತ್ತದೆ.
ಹಾಗಂತ ಕಲಿಸಿದ್ದರು, ಕಲಬುರಗಿಯಲ್ಲಿ,
ಎರಡು ದಿನ, ಊಟ ಸಹಿತ.

ಸೈಬಣ್ಣ ನೂರಾ ಎಪ್ಪತ್ತಾರು.
ರೇವಣ್ಣ ಹಿಮ್ಮಡಿ ಎತ್ತಿದ್ದ; ಮೊಣಕಾಲು ಒತ್ತಿದೆ,
ನೂರಾ ಅರವತ್ತೆಂಟಕ್ಕೆ ಇಳಿದ.
ಜಗದೇವಿ ನೂರಾ ಐವತ್ತು.
ಅಳೆದಾದ ಮೇಲೂ ಗೋಡೆ ಬಿಟ್ಟು ಸರಿಯಲಿಲ್ಲ.
"ಒಂದೇ ಮನಿ ಅಂತ ಬರಕೊಂಡ್ರೇನಕ್ಕಾ?"
"ಹೌದವಾ, ಒಂದೇ."
"ಇವರು ಸಾಲಿಗಿ ಹೋದ ಮನಿ ಒಂದು.
ನಾ ಏಳನೇತ್ತಾ ಬಿಟ್ಟು ನೀರು ಹೊತ್ತ ಮನಿ ಇನ್ನೊಂದು.
ಬಾಗಲಾ ಒಂದೇ ಅದ, ಖರೇ."

ಫಾರಮ್ಮಿನಲ್ಲಿ ಅದಕ್ಕೆ ಖಾನೆ ಇರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿಂದ ಬರೆದೆ: ಬಾಗಿಲು ಒಂದು.

ಹೊರಡುವಾಗ ತಂಬಿಗೆ ನೀರು ಕೊಟ್ಟು ಚಂದಮ್ಮ ಕೇಳಿದಳು:
"ನನ್ನ ಅರ್ಧ ಇವಕ್ಕ ಬಂತು ಅಂತೀರಿ.
ಬರಲಾರದ ಅರ್ಧ ಎಲ್ಲಿ ಹೋತ್ರಿ?"

ಗಣಿಯಲ್ಲಿ ಕಲ್ಲಿನ ಲೆಕ್ಕ ಇಡುತ್ತಿದ್ದವಳು ಆಕೆ,
ಓದು ಬರದು; ಲಾರಿಗೆ ಎಷ್ಟು, ಒಡೆದದ್ದೆಷ್ಟು,
ತಿಂಗಳ ಮೊದಲಿನದೂ ಬಾಯಲ್ಲೇ.
ಮೂರು ಮಕ್ಕಳಲ್ಲಿ ಒಂದಕ್ಕೂ ಆ ತಲೆ ಇಲ್ಲ.
ನನ್ನ ಎರಡು ದಿನದ ವಿದ್ಯೆ
ತಂಬಿಗೆಯ ನೀರಿನ ಜೊತೆ ಗಂಟಲಿಳಿಯಿತು.

ರಾತ್ರಿ ಡಾಕ್ಟರ್ ತಬಸ್ಸುಮ್ ಫೋನಿನಲ್ಲಿ ನಕ್ಕರು:
"ಒಳ್ಳೆ ಪ್ರಶ್ನೆ. ಅದನ್ನೂ ಎಣಿಸ್ತೀವಿ.
ಎತ್ತದೆ ಉಳಿದ ಚೀಟಿಯೂ ಮಗುವಿನ ಮೇಲೆ ಗೆರೆ ಎಳೆಯುತ್ತೆ.
ರಕ್ತದೊಳಗಿಂದಲ್ಲ, ತಾಯಿ ಕಟ್ಟಿದ ಮನೆಯೊಳಗಿಂದ."

ಮುಂದಿನ ವಾರ ಹಾಗೇ ಹೇಳಿದೆ.
ಬಾರದ ಅರ್ಧವೇ ಇರಬಹುದು ಚಂದಮ್ಮಾ,
ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದದ್ದು,
ಪಗಾರವನ್ನು ಮೂರು ಡಬ್ಬಿಗೆ ಹಂಚಿದ್ದು,
ಒಂದು ಡಬ್ಬಿ ಫೀಸಿಗೆ ಅಂತ ಮುಟ್ಟದೇ ಇಟ್ಟದ್ದು.
ಮಕ್ಕಳಿಗೆ ಸಿಗದ ಲೆಕ್ಕ
ಮಕ್ಕಳ ಸುತ್ತ ಗೋಡೆಯಾಯಿತು.

ಆಕೆ ಬಹಳ ಹೊತ್ತು ಕೈ ನೋಡಿಕೊಂಡಳು.
"ಹಂಗಾದ್ರ ಅದು ಖಾಲಿ ಕುಂತಿಲ್ಲ."
ಮುಖ ಅರಳಿತು. ಅರಳಿದ್ದು ಅರ್ಧಕ್ಕೇ ನಿಂತಿತು.
"ಅಕ್ಕಾ... ಡಬ್ಬಿ ಎರಡೇ ಹುಡುಗರ ಫೀಸಿಗಿ ಸಾಲ್ತದ
ಅಂತ ಲೆಕ್ಕ ಹಾಕಿದ್ದೂ ಅದೇ ಏನು?"

ನಾನು ಪೆನ್ಸಿಲು ಹುಡುಕಿದೆ.
ಜಗದೇವಿ ಒಳಗೆ ಬಂದಳು, ತಲೆಯ ಮೇಲೆ ಒಂದು, ಸೊಂಟಕ್ಕೊಂದು,
ತುಂಬಿದ ಕೊಡ ಫರಸಿಯ ಮೇಲೆ ಇಳಿಸಿದಳು.
ಮಟ್ಟಸ ನೆಲ. ಒಂದು ಹನಿಯೂ ತುಳುಕಲಿಲ್ಲ.